ನಿಜ ಹೇಳುವ ಮಿಷನ್ನು

ಏಪ್ರಿಲ್ ಬಂತೆಂದರೆ ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಇಸಿಜಿ ಗೆರೆ ದಪ್ಪಗಾಗುತ್ತದೆ. ರಾಯಚೂರು, ಕಲಬುರಗಿ ಸೀಮೆಯ ಬೇಸಿಗೆಯ ಬೇರೆಲ್ಲ ಲಕ್ಷಣಗಳು ಎಲ್ಲರಿಗೂ ಗೊತ್ತು. ಇದೊಂದು ಮಾತ್ರ ಆಸ್ಪತ್ರೆಯ ಮಿಷನ್ ರಿಪೇರಿ ಮಾಡುವ ನಮ್ಮಂಥವರ ಪಾಲಿನದು. ತೆಳ್ಳಗೆ ಬರಬೇಕಾದ ಗೆರೆ ಉಣ್ಣೆಯ ದಾರದ ಹಾಗೆ ಜುಂಗುಜುಂಗಾಗಿ ಬರುತ್ತದೆ. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರೆ ಆ ಜುಂಗು ಬರೀ ಸಣ್ಣ ಸಣ್ಣ ಅಲೆ. ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ನಮ್ಮ ಲೈನಿನ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಹಾಗಾಗಿ ಒಂದು ಮಿಲಿಮೀಟರಿನ ಚಿಕ್ಕ ಚೌಕದೊಳಗೆ ಎರಡೆರಡೇ ಅಲೆ ಕೂತಿವೆ ಎಂದರೆ ಅದು ರೋಗಿಯ ಎದೆಯಿಂದ ಬಂದದ್ದಲ್ಲ, ಗೋಡೆಯೊಳಗಿನ ವೈರಿನಿಂದ ಬಂದದ್ದು.

ಅಂಥ ಕಾಗದ ಕೈಗೆ ಬಂದಾಗ ಮಿಷನ್ ಬಿಚ್ಚುವ ಮೊದಲು ನಾನು ಹಿತ್ತಿಲಿಗೆ ಹೋಗುತ್ತೇನೆ. ಜನರೇಟರ್ ಶೆಡ್ಡಿನ ಪಕ್ಕದಲ್ಲಿ ಅರ್ಥ್ ಪಿಟ್ ಇರುತ್ತದೆ. ಮೇಲೆ ಸಿಮೆಂಟಿನ ಮುಚ್ಚಳ, ಕೆಳಗೆ ತಾಮ್ರದ ಪ್ಲೇಟು, ಸುತ್ತ ಇದ್ದಿಲು, ಉಪ್ಪು. ಒಳಗೆ ತೇವ ಇದ್ದರೆ ಮಾತ್ರ ಬೇಡದ ಕರೆಂಟು ನೆಲಕ್ಕಿಳಿಯುತ್ತದೆ. ಬಿಸಿಲಿಗೆ ಮಣ್ಣು ಒಣಗಿ ಬಿರುಕು ಬಿಟ್ಟರೆ ಅದು ಇಳಿಯಲು ದಾರಿಯಿಲ್ಲದೆ ವಾರ್ಡಿನ ತುಂಬ ಸುಳಿದಾಡುತ್ತದೆ. ಹೃದಯದ ಗೆರೆ ನೆಟ್ಟಗಾಗಬೇಕಾದರೆ ಹಿತ್ತಿಲಿನ ಗುಂಡಿಗೆ ಕೊಡ ನೀರು ಸುರಿಯಬೇಕು ಎಂದರೆ ಐಟಿಐ ಮುಗಿಸಿ ಹೊಸದಾಗಿ ಬಂದ ಹುಡುಗರು ನಂಬುವುದಿಲ್ಲ. ನೀರು ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಅರ್ಥ್ ಟೆಸ್ಟರಿನಲ್ಲಿ ಓಮ್ ಅಳೆದು ತೋರಿಸಿದರೆ ಸುಮ್ಮನೆ ತಾವೇ ಕೊಡ ಎತ್ತಿಕೊಳ್ಳುತ್ತಾರೆ.

ಅರ್ಥಿಂಗ್ ಬಗ್ಗೆ ನಾನು ಹಟ ಹಿಡಿಯುವುದು ಗೆರೆಯ ಅಂದಕ್ಕಾಗಿ ಮಾತ್ರವಲ್ಲ. ಒಂದು ಮಿಲಿಯಾಂಪ್ ಕರೆಂಟು ನಮ್ಮ ಬೆರಳಿಗೆ ತಾಗಿದರೆ ಚುರುಕ್ ಅನ್ನಿಸಬಹುದು, ಅಷ್ಟೆ. ರಕ್ತನಾಳದೊಳಗಿಂದ ಹೃದಯದ ತನಕ ತಂತಿ ಇಳಿಸಿಕೊಂಡು ಮಲಗಿದ ರೋಗಿಗೆ ಅದರ ಹತ್ತನೇ ಒಂದು ಭಾಗ ಸಾಕು, ಹೃದಯದ ಬಡಿತ ಚೆಲ್ಲಾಪಿಲ್ಲಿಯಾಗಲು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನು ಮುರಿದು, ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ತುರುಕಿದ ಮಾನಿಟರ್ ಕಂಡರೆ ನನಗೆ ಸಿಟ್ಟು ಬರುತ್ತದೆ. ಆಗ ಯಾರ ಮುಖವನ್ನೂ ನೋಡದೆ ಪ್ಲಗ್ಗು ಕಿತ್ತುಬಿಡುತ್ತೇನೆ.

ಅರ್ಥ್ ಪಿಟ್ಟಿನ ಉಪ್ಪು, ನೀರಿನ ಮಾತು ಬಂತಲ್ಲ, ಇಸಿಜಿಯ ಹುಟ್ಟಿನಲ್ಲೂ ಉಪ್ಪುನೀರಿದೆ. ಹಾಲೆಂಡಿನ ಲೈಡನ್ ಊರಿನಲ್ಲಿ ವಿಲೆಮ್ ಐಂಥೋವನ್ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಕಟ್ಟಿದ ಯಂತ್ರದ ತೂಕ ಸುಮಾರು 270 ಕಿಲೋ, ಅದನ್ನು ನಡೆಸಲು ಐದು ಜನ ಬೇಕಿತ್ತು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತು. ಅಂಥ ಯಂತ್ರವನ್ನು ಆಸ್ಪತ್ರೆಗೆ ಸಾಗಿಸುವುದು ಆಗದ ಮಾತು. ಅದಕ್ಕೇ 1905ರಲ್ಲಿ ಆತ ಟೆಲಿಫೋನ್ ತಂತಿಯ ಮೂಲಕ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯ ರೋಗಿಗಳ ಹೃದಯದ ಕರೆಂಟನ್ನು ತನ್ನ ಪ್ರಯೋಗಶಾಲೆಗೇ ತರಿಸಿಕೊಂಡ. 1924ರಲ್ಲಿ ನೊಬೆಲ್ ಬಂತು. ಇವತ್ತು ನಾವು ಒಂದು, ಎರಡು, ಮೂರು ಎಂದು ಕರೆಯುವ ಲೀಡುಗಳು ಆತನವೇ. ಅವು ನನಗೆ ದಿನವೂ ಒದಗುತ್ತವೆ. ಒಂದನೇ ಲೀಡು, ಎರಡನೇ ಲೀಡು ಕೆಟ್ಟು ಮೂರನೆಯದು ಸ್ವಚ್ಛವಾಗಿದ್ದರೆ ತೊಂದರೆ ಬಲಗೈಯ ಕ್ಲಿಪ್ಪಿನಲ್ಲಿ. ಏಕೆಂದರೆ ಮೊದಲೆರಡಕ್ಕೂ ಬಲಗೈ ಬೇಕು, ಮೂರನೆಯದಕ್ಕೆ ಬೇಡ. ಮಿಷನ್ ಮುಟ್ಟುವ ಮೊದಲೇ ಎಲ್ಲಿ ನೋಡಬೇಕೆಂದು ಕಾಗದವೇ ಹೇಳಿಬಿಡುತ್ತದೆ.

ಕೆಲವು ಸಲ ಅಲೆಗಳು ಒಂದೇ ಸಮ ಇರುವುದಿಲ್ಲ, ಅಂಕುಡೊಂಕಾಗಿ ನಡುಗುತ್ತವೆ. ಅದು ರೋಗಿಯ ನಡುಕ. ಒಬ್ಬ ಅಜ್ಜಿ ಟೇಬಲ್ಲಿನ ಮೇಲೆ ಮೈ ಬಿಗಿ ಹಿಡಿದು ಮಲಗಿದ್ದಳು. ಕ್ಲಿಪ್ಪು ಹಾಕಿಸಿಕೊಳ್ಳುತ್ತ ಕೇಳಿದಳು, "ಯಪ್ಪಾ, ನನಗ ಕರೆಂಟ್ ಕೊಡ್ತೀರೇನು?"

"ಇಲ್ಲ ಯವ್ವಾ. ನಿನ್ನ ಎದೀನ ಕರೆಂಟ್ ಮಾಡ್ತೈತಿ. ಅದನ್ನ ನಾವು ಬರಕೋತೀವಿ, ಅಷ್ಟ."

"ನನ್ನ ಎದ್ಯಾಗ ಕರೆಂಟ್ ಐತಾ!" ಎಂದು ಅವಳು ಸಡಿಲಾದಳು. ಹೊದಿಕೆ ಹೊದಿಸಿದ್ದೇ ತಡ, ಗೆರೆ ತಿಳಿಯಾಯಿತು.

ಇಲ್ಲಿ ಒಂದು ಸುಲಭದ ದಾರಿಯೂ ಇದೆ. ಮಿಷನ್ನಿನಲ್ಲಿ ಫಿಲ್ಟರ್ ಗುಂಡಿ ಇರುತ್ತದೆ. ಒತ್ತಿದರೆ ಜುಂಗು, ನಡುಕ ಎಲ್ಲ ಮಾಯವಾಗಿ ಗೆರೆ ಚೆಂದವಾಗುತ್ತದೆ. ಆದರೆ 35 ಹರ್ಟ್ಸಿನ ಫಿಲ್ಟರು ಕಸದ ಜೊತೆಗೆ ಹೃದಯದ ಚೂಪಾದ ಏರಿಳಿತವನ್ನೂ ಸವೆಸುತ್ತದೆ. ಎತ್ತರದ ಶಿಖರ ಗಿಡ್ಡವಾಗುತ್ತದೆ, ಸಣ್ಣ ಕಚ್ಚು ಅಳಿಸಿಹೋಗಬಹುದು. ಡಾಕ್ಟರು ನೋಡುವುದು ಆ ಎತ್ತರವನ್ನೇ, ಆ ಕಚ್ಚನ್ನೇ. ಈ ಕೆಲಸದಲ್ಲಿ ನಾನು ನಂಬಿದ ಒಂದು ಮಾತಿದ್ದರೆ ಅದು ಇದು: ಕೆಟ್ಟು ನಿಂತ ಮಿಷನ್ನಿಗೆ ನಾನು ಅಷ್ಟಾಗಿ ಹೆದರುವುದಿಲ್ಲ. ಅದು ಕೆಟ್ಟಿದೆಯೆಂದು ಎಲ್ಲರಿಗೂ ಗೊತ್ತು, ಬದಲಿ ತರುತ್ತಾರೆ. ನಡೆಯುತ್ತಲೇ ತಪ್ಪು ಹೇಳುವ ಮಿಷನ್ನೇ ನನ್ನ ನಿದ್ದೆ ಕೆಡಿಸುವುದು.

ಹೀಗೆ ತಪ್ಪು ಹೇಳುವುದನ್ನು ಮೊದಲು ಹಿಡಿಯುವವರು ಸಿಸ್ಟರುಗಳು. "ಸರ್, ನಾಕನೇ ಬೆಡ್ಡಿನ ಮಾನಿಟರ್ ಸುಳ್ಳು ಹೇಳಾಕತ್ತೈತ್ರಿ" ಎಂದು ಒಬ್ಬರು ಫೋನ್ ಮಾಡಿದರು. ಪರದೆಯ ಮೇಲೆ ಆಮ್ಲಜನಕ 84 ಎಂದಿತ್ತು. ಹುಡುಗಿ ಮಾತ್ರ ಎದ್ದು ಕೂತು ಮಾತಾಡುತ್ತಿದ್ದಳು, ತುಟಿ ಕೆಂಪಗಿತ್ತು. ಮದುವೆಯಾಗಿ ಇನ್ನೂ ವಾರ ಕಳೆದಿರಲಿಲ್ಲ. ಬೆರಳ ತುದಿಯೆಲ್ಲ ಕಪ್ಪಗೆ ಮದರಂಗಿ. ಬೆರಳಿಗೆ ಹಾಕಿದ್ದ ಪ್ರೋಬ್ ಕ್ಲಿಪ್ಪನ್ನು ಕಿವಿಯ ಹಾಲೆಗೆ ಹಾಕಿದಾಗ 98 ಬಂತು. ಆ ಕ್ಲಿಪ್ಪಿನೊಳಗೆ ಎರಡು ಬೆಳಕಿವೆ, 660 ನ್ಯಾನೋಮೀಟರಿನ ಕೆಂಪು, 940ರ ಕಣ್ಣಿಗೆ ಕಾಣದ ಅವಕೆಂಪು. ರಕ್ತ ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುತ್ತದೆ, ಆ ಲೆಕ್ಕದಿಂದ ಅಂಕಿ ಹುಟ್ಟುತ್ತದೆ. ನಡುವೆ ಬಣ್ಣ ಅಡ್ಡ ಬಂದರೆ ಲೆಕ್ಕ ತಪ್ಪುತ್ತದೆ.

ಈ ಉಪಕರಣದ ಹುಟ್ಟು ನನಗೆ ಬಹಳ ಪ್ರೀತಿಯ ಕಥೆ. ಜಪಾನಿನ ತಕುವೊ ಅಯೋಯಗಿ ಎಂಬ ಇಂಜಿನಿಯರು ಕಿವಿಯ ಮೂಲಕ ಬೇರೇನನ್ನೋ, ಹೃದಯ ಎಷ್ಟು ರಕ್ತ ಒತ್ತುತ್ತದೆ ಎಂಬುದನ್ನು, ಅಳೆಯಲು ಹೊರಟಿದ್ದರು. ನಾಡಿಯ ಮಿಡಿತ ಅವರ ಅಳತೆಯನ್ನು ಕೆಡಿಸುತ್ತಿತ್ತು. ಅದನ್ನು ಕಳೆಯಲು ಎರಡು ಬೆಳಕು ಬಳಸಿದರು. ರಕ್ತದ ಆಮ್ಲಜನಕ ಬದಲಾದಾಗಲೆಲ್ಲ ಆ ಕಳೆಯುವಿಕೆ ಕೆಡುತ್ತಿತ್ತು. ಕಾಟ ಕೊಡುತ್ತಿದ್ದ ಮಿಡಿತವೇ ಆಮ್ಲಜನಕದ ಅಳತೆಗೋಲಾಗಬಹುದೆಂದು ಅವರಿಗೆ ಹೊಳೆದದ್ದು ಹಾಗೆ. 1974ರಲ್ಲಿ ಲೋಕಕ್ಕೆ ತಿಳಿಸಿದರು. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಲೋಕದ ಮನೆಮನೆಯಲ್ಲೂ ಜನ ಆ ಪುಟ್ಟ ಕ್ಲಿಪ್ಪಿಗಾಗಿ ಹುಡುಕಾಡುತ್ತಿದ್ದ ಹೊತ್ತಿನಲ್ಲಿ. ಅದೇ ವರ್ಷದ ಕೊನೆಗೆ ಅಮೆರಿಕದಿಂದ ಬಂದ ಒಂದು ಅಧ್ಯಯನ ಇನ್ನೊಂದು ಸಂಗತಿ ಹೇಳಿತು: ಬಿಳಿಯರಿಗೆ ಹೋಲಿಸಿದರೆ ಕಪ್ಪು ಜನಾಂಗದ ರೋಗಿಗಳಲ್ಲಿ ಆಮ್ಲಜನಕ ಇಳಿದದ್ದು ಈ ಉಪಕರಣದ ಕಣ್ಣಿಗೆ ತಪ್ಪಿಹೋಗುವುದು ಹೆಚ್ಚುಕಡಿಮೆ ಮೂರು ಪಟ್ಟು. ಬಿಸಿಲಲ್ಲಿ ದುಡಿದು ಕಪ್ಪಾದ ಕೈಗಳಿಗೆ ದಿನವೂ ಪ್ರೋಬ್ ಹಾಕುವ ನಾವು ಇದನ್ನು ಮರೆಯುವಂತಿಲ್ಲ.

ಸಿಸ್ಟರ್ ಮಾತಿಗೆ ಮರಳುತ್ತೇನೆ. ಮಿಷನ್ ಬಳಸುವವರ ಮಾತನ್ನು ರಿಪೇರಿಯವನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ವೃತ್ತಿಯಲ್ಲಿ ದೊಡ್ಡ ಉದಾಹರಣೆ ಥೆರಾಕ್-25. ಕ್ಯಾನ್ಸರಿಗೆ ವಿಕಿರಣ ಕೊಡುವ ಯಂತ್ರ. 1985ರಿಂದ 87ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಆರು ರೋಗಿಗಳಿಗೆ ಅದು ವಿಪರೀತ ವಿಕಿರಣ ಸುರಿಯಿತು, ಕೆಲವರು ಸತ್ತರು. ಟೆಕ್ಸಸ್‌ನ ಟೈಲರ್ ಊರಿನಲ್ಲಿ ಕಂಪನಿಯವರು ಬಂದು ಪರೀಕ್ಷಿಸಿದಾಗ ಯಂತ್ರ ಸರಿಯಾಗೇ ನಡೆಯಿತು. ಕೊನೆಗೆ ದೋಷ ಹಿಡಿದವರು ಆಸ್ಪತ್ರೆಯ ಭೌತತಜ್ಞ ಮತ್ತು ಆ ಯಂತ್ರ ನಡೆಸುತ್ತಿದ್ದ ಹೆಣ್ಣುಮಗಳು. ಕೈ ಪಳಗಿದ್ದ ಆಕೆ ವಿವರಗಳನ್ನು ಬಲು ಚುರುಕಾಗಿ ಟೈಪ್ ಮಾಡಿ ತಿದ್ದುತ್ತಿದ್ದಳು. ಅದೇ ವೇಗದಲ್ಲಿ ಮತ್ತೆ ಮತ್ತೆ ಮಾಡಿ ನೋಡಿದಾಗ ದೋಷ ಎದುರಿಗೇ ಬಂದು ನಿಂತಿತು. ನಿಧಾನಕ್ಕೆ ಒತ್ತುವವರಿಗೆ ಅದು ಎಂದೂ ಕಾಣುತ್ತಿರಲಿಲ್ಲ. ಅದಕ್ಕೇ ನಾನು ವಾರ್ಡಿಗೆ ಹೋದಾಗ "ಏನಾಗಿದೆ" ಎಂದು ಕೇಳಿ ಬಿಡುವುದಿಲ್ಲ. "ನೀವು ಹೆಂಗ ಮಾಡ್ತೀರಿ, ನನ್ನ ಮುಂದ ಒಮ್ಮೆ ಮಾಡ್ರಿ" ಎಂದು ಪಕ್ಕಕ್ಕೆ ನಿಲ್ಲುತ್ತೇನೆ.

ಹಸುಗೂಸುಗಳ ಕಾಮಾಲೆಗೆ ನೀಲಿ ದೀಪ ಇಡುತ್ತಾರಲ್ಲ, ಅದೂ ಒಬ್ಬ ನರ್ಸಿನ ಕಣ್ಣಿನಿಂದ ಬಂದದ್ದು. ಇಂಗ್ಲೆಂಡಿನ ಎಸೆಕ್ಸಿನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬವರು ಕೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಬಿಸಿಲು ಬಿದ್ದ ಕಡೆ ಮೈಯ ಹಳದಿ ತಿಳಿಯಾಗಿ, ಬಟ್ಟೆ ಮುಚ್ಚಿದ ಕಡೆ ಹಾಗೇ ಉಳಿದದ್ದನ್ನು ಅವರು ಡಾಕ್ಟರಿಗೆ ತೋರಿಸಿದರು. 1958ರಲ್ಲಿ ಅದರ ಮೇಲಿನ ಲೇಖನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನಮ್ಮ ನವಜಾತ ಶಿಶುಗಳ ಘಟಕದಲ್ಲಿ ಈ ದೀಪಗಳನ್ನು ಕಂಡಾಗ ನನಗೆ ಒಂದು ಚಿಂತೆ. ದೀಪ ಹಳೆಯದಾದರೂ ಕಣ್ಣಿಗೆ ನೀಲಿಯಾಗೇ ಉರಿಯುತ್ತದೆ, ಒಳಗಿನ ಕಸುವು ಮಾತ್ರ ಇಳಿದಿರುತ್ತದೆ. ಕಾಮಾಲೆ ಜೋರಾಗಿದ್ದರೆ ಚದರ ಸೆಂಟಿಮೀಟರಿಗೆ, ಪ್ರತಿ ನ್ಯಾನೋಮೀಟರಿಗೆ 30 ಮೈಕ್ರೋವ್ಯಾಟ್ ಬೇಕು. ಅದನ್ನು ರೇಡಿಯೋಮೀಟರ್ ಹಿಡಿದೇ ಅಳೆಯಬೇಕು, ಅದೂ ಕೂಸು ಮಲಗುವ ಎತ್ತರದಲ್ಲಿ. ಮೀಟರಿನಲ್ಲಿ 12 ತೋರಿದ ದೀಪದ ಕೆಳಗೆ ಕೂಸನ್ನು ಮಲಗಿಸಿ, ಹಳದಿ ಯಾಕೆ ಇಳಿಯುತ್ತಿಲ್ಲ ಎಂದು ಬಾಣಂತಿ ಅಳುತ್ತ ಕೂರುವುದು ನನ್ನಿಂದ ನೋಡಲಾಗದ ನೋಟ. ಇಂಥ ದೀಪವನ್ನು ಯಾರೂ "ಕೆಟ್ಟಿದೆ" ಎಂದು ದೂರುವುದಿಲ್ಲ.

ಉಳಿದಂತೆ ನಮ್ಮ ದಿನಗಳು ಸಣ್ಣಪುಟ್ಟದರಲ್ಲೇ ಕಳೆಯುತ್ತವೆ. ಪವರ್ ಸಪ್ಲೈ ಬೋರ್ಡಿನಲ್ಲಿ ತಲೆ ಉಬ್ಬಿದ ಕೆಪಾಸಿಟರ್, ಬೆಚ್ಚಗಿದೆಯೆಂದು ಒಳಸೇರಿ ಸುಟ್ಟುಹೋದ ಹಲ್ಲಿ, ಇಲಿ ಕಡಿದ ಕೇಬಲ್, ಆಕ್ಸಿಜನ್ ಕಾನ್ಸಂಟ್ರೇಟರಿನ ಫಿಲ್ಟರಿನಲ್ಲಿ ಹತ್ತಿಯಂಥ ಧೂಳು. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಬಿಚ್ಚುವಾಗ ಮಾತ್ರ ಯಾರೂ ಮಾತಾಡುವಂತಿಲ್ಲ. ಅದರ ಕೆಪಾಸಿಟರ್ ಸ್ವಿಚ್ ಆಫ್ ಆದ ಮೇಲೂ ಸಾವಿರಾರು ವೋಲ್ಟ್ ಹಿಡಿದುಕೊಂಡು ಕೂತಿರಬಹುದು. ಮೊದಲು ರೆಸಿಸ್ಟರ್ ಮೂಲಕ ಖಾಲಿ ಮಾಡಬೇಕು, ಮೀಟರಿನಲ್ಲಿ ಸೊನ್ನೆ ನೋಡಬೇಕು, ಆಮೇಲೆ ಕೈ.

2015ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಸರಕಾರಿ ಆಸ್ಪತ್ರೆಗಳ ಉಪಕರಣ ನಿರ್ವಹಣೆಗೆಂದೇ ಒಂದು ಕಾರ್ಯಕ್ರಮ ಶುರುವಾಯಿತು. ಆಗ ರಾಜ್ಯಗಳಲ್ಲಿ ಎಣಿಸಿ ನೋಡಿದಾಗ ಶೇಕಡಾ 13ರಿಂದ 34ರಷ್ಟು ಉಪಕರಣಗಳು ಕೆಟ್ಟು ಕೂತಿದ್ದವು. ಜಿಲ್ಲಾಸ್ಪತ್ರೆಯಲ್ಲಿ ಶೇಕಡಾ 95, ಸಮುದಾಯ ಆರೋಗ್ಯ ಕೇಂದ್ರದಲ್ಲಿ 90, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 80ರಷ್ಟು ಹೊತ್ತು ಉಪಕರಣ ನಡೆಯುತ್ತಿರಬೇಕೆಂದು ಗುರಿ ಇಟ್ಟರು. ಒಳ್ಳೆಯದೇ ಆಯಿತು. ಕೋವಿಡ್ ಹೊತ್ತಿಗೆ ಬೆಂಗಳೂರಿನ ಬಿಇಎಲ್ ಮೈಸೂರಿನ ಸ್ಕ್ಯಾನ್‌ರೇ ಜೊತೆ ಸೇರಿ 30,000 ವೆಂಟಿಲೇಟರ್ ಮಾಡಿಕೊಟ್ಟಿತು. ನಮ್ಮ ನಾಡಿನ ಕೈಗಳಿಗೆ ಅದು ಸಾಧ್ಯವಾಯಿತೆಂದು ನನಗೆ ಈಗಲೂ ಹೆಮ್ಮೆ. ಆದರೆ ವೆಂಟಿಲೇಟರ್ ಬಂದರಷ್ಟೇ ಸಾಲದು. ಅದರೊಳಗಿನ ಆಕ್ಸಿಜನ್ ಸೆಲ್ ಬಳಸಿದರೂ ಬಳಸದಿದ್ದರೂ ಸವೆಯುತ್ತ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಬದಲಾಯಿಸದಿದ್ದರೆ ಪರದೆ ತೋರಿಸುವ ಆಮ್ಲಜನಕ ಒಂದು, ರೋಗಿಗೆ ಸಿಗುವುದು ಇನ್ನೊಂದು. ನಮ್ಮ ರಿಜಿಸ್ಟರಿನಲ್ಲಿ ಇರುವ ಕಾಲಮ್ಮುಗಳು ಎರಡೇ: ನಡೆಯುತ್ತಿದೆ, ಕೆಟ್ಟಿದೆ. ಅವುಗಳ ಪಕ್ಕದಲ್ಲಿ ಕೊನೆಯ ಸಲ ಅಳತೆ ತಾಳೆ ನೋಡಿದ ತಾರೀಖಿಗೂ ಒಂದು ಕಾಲಮ್ಮು ಬೇಕು ಎಂದು ಸಿಕ್ಕ ಸಿಕ್ಕ ಮೀಟಿಂಗಿನಲ್ಲೆಲ್ಲ ಕೇಳುತ್ತಲೇ ಬಂದಿದ್ದೇನೆ.

ಸದ್ಯಕ್ಕೆ ನಾನೂ ಹೊಸ ಹುಡುಗನೂ ಬಿಪಿ ಉಪಕರಣಗಳ ಹಿಂದೆ ಬಿದ್ದಿದ್ದೇವೆ. ಆಸ್ಪತ್ರೆಯಲ್ಲಿ ಅದಕ್ಕಿಂತ ಅಗ್ಗದ್ದು, ಅದಕ್ಕಿಂತ ಹೆಚ್ಚು ಬಳಕೆಯಾಗುವುದು ಇನ್ನೊಂದಿಲ್ಲ. ಅದನ್ನು ಯಾರೂ ತಪಾಸಣೆಗೆ ತರುವುದೂ ಇಲ್ಲ. ಪಾದರಸದವು ಮೂಲೆ ಸೇರಿ ಮುಳ್ಳಿನ ಡಯಲ್ಲಿನವು ಬಂದಿವೆ. ಆ ಡಯಲ್ಲು ಒಮ್ಮೆ ಕೈಜಾರಿ ಬಿದ್ದರೆ ಒಳಗಿನ ಸ್ಪ್ರಿಂಗ್ ಜರುಗುತ್ತದೆ. ಗಾಳಿ ಪೂರ್ತಿ ಬಿಟ್ಟ ಮೇಲೂ ಮುಳ್ಳು ಸೊನ್ನೆಗೆ ಬಂದು ಕೂರದಿದ್ದರೆ ಅದನ್ನು ಅಲ್ಲೇ ಕಸಿದುಕೊಳ್ಳುತ್ತೇವೆ. ಕೂತರೂ ಬಿಡುವುದಿಲ್ಲ. ಟಿ ಆಕಾರದ ನಳಿಕೆಗೆ ನಮ್ಮ ಖಾತ್ರಿಯ ಮೀಟರನ್ನು ಸಿಕ್ಕಿಸಿ, 200ರ ತನಕ ಗಾಳಿ ತುಂಬಿ, ಎರಡನ್ನೂ ಅಕ್ಕಪಕ್ಕ ಓದುತ್ತೇವೆ. ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಫೇಲು. ನಿಮಿಷಕ್ಕೆ ನಾಲ್ಕಕ್ಕಿಂತ ಹೆಚ್ಚು ಇಳಿದರೆ ರಬ್ಬರ್ ಟ್ಯೂಬೋ, ಬಲ್ಬಿನ ವಾಲ್ವೋ ಸೋರುತ್ತಿದೆ. ಹತ್ತು ಹೆಚ್ಚಾಗಿ ತೋರಿಸುವ ಒಂದು ಡಯಲ್ಲಿನಿಂದಾಗಿ ಕೂಲಿ ಮಾಡುವ ಮನುಷ್ಯ ಬೇಡದ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬಹುದು. ಹತ್ತು ಕಡಿಮೆ ತೋರಿಸುವುದರಿಂದ ತುಂಬು ಬಸುರಿಯ ಏರಿದ ಒತ್ತಡ ಯಾರ ಗಮನಕ್ಕೂ ಬಾರದೆ ಹೋಗಬಹುದು. ಹೆರಿಗೆ ವಾರ್ಡಿನವನ್ನು ಅದಕ್ಕೇ ಮೊದಲು ಮುಗಿಸಿದೆವು. ಹೊರರೋಗಿ ವಿಭಾಗದವು ಇನ್ನೂ ಬಾಕಿ ಇವೆ.