ಕರ್ಣನಿಗೆ ಈಗ ಹೊತ್ತಿಲ್ಲ

ಬದುಕುವುದು ಯಾತಕ್ಕೆ ಎಂದು ನಮ್ಮ ಕಡೆ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ "ತಲೆ ಸರಿ ಉಂಟಾ ಮಾರಾಯ ನಿಂಗೆ?" ಎಂಬ ಉತ್ತರ ಸಿಗುತ್ತಿತ್ತು. ಅದೇ ಜನ ಮಳೆಗಾಲದ ರಾತ್ರಿ ತಾಳಮದ್ದಳೆಯ ಕೂಟಕ್ಕೆ ಬಂದು ಬೆಳಗಿನವರೆಗೆ ಆ ಒಂದೇ ಪ್ರಶ್ನೆಯನ್ನು ಜಗ್ಗಾಡುವುದನ್ನು ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಕರ್ಣನ ಬಾಯಲ್ಲಿ, ವಾಲಿಯ ಬಾಯಲ್ಲಿ, ಅಂಬೆಯ ಬಾಯಲ್ಲಿ.

ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ದೀಪಾವಳಿ ಕಳೆಯುವ ತನಕ ಬಯಲಾಟವಿಲ್ಲ. ಆ ಬಿಡುವು ಕೂಟದ್ದು. ವೇಷವಿಲ್ಲ, ಕುಣಿತವಿಲ್ಲ. ನಡುವೆ ಭಾಗವತರು, ಚೆಂಡೆ, ಮದ್ದಳೆ. ಎರಡು ಬದಿಗೆ ಅಂಗಿ ಪಂಚೆ ಉಟ್ಟ ಅರ್ಥಧಾರಿಗಳು. ಭಾಗವತರು ಪ್ರಸಂಗದ ಒಂದು ಪದ್ಯ ಹಾಡಿ ನಿಲ್ಲಿಸಿದರೆ ಮುಂದಿನದು ಅರ್ಥಧಾರಿಯ ಪಾಲು. ಬರೆದುಕೊಂಡು ಬಂದದ್ದಿಲ್ಲ, ಎದುರು ಕೂತವನು ಏನು ಕೇಳಿಬಿಡುತ್ತಾನೋ ಗೊತ್ತಿಲ್ಲ. ಗೊತ್ತಿರುವುದು ಕೊನೆ ಮಾತ್ರ. ವಾಲಿ ಸಾಯಲೇಬೇಕು, ಕರ್ಣ ಕೌರವನನ್ನು ಬಿಡುವ ಹಾಗಿಲ್ಲ. ಪದ್ಯದಲ್ಲಿ ಅದು ನಿಶ್ಚಯವಾಗಿಬಿಟ್ಟಿದೆ. ಹಾಗಾಗಿ ಕಥೆಯಲ್ಲಿ ಸೋಲುವವನು ಮಾತಿನಲ್ಲಿ ಗೆದ್ದು ಎದ್ದರೆ ಯಾರ ಧರ್ಮಕ್ಕೂ ಚ್ಯುತಿ ಬರುತ್ತಿರಲಿಲ್ಲ.

ನಮ್ಮೂರ ಸಂಘದಲ್ಲಿ ಅರ್ಥ ಹೇಳುತ್ತಿದ್ದವರು ಶಾಲೆಯ ಮಾಸ್ತರರು, ಪೋಸ್ಟ್ ಮಾಸ್ತರರು, ಇಬ್ಬರು ಮೂವರು ಅಡಿಕೆ ತೋಟದವರು, ಒಬ್ಬ ಟೈಲರ್. ಮನೆಯಲ್ಲಿ ತುಳು, ಕೆಲವರದ್ದು ಕೊಂಕಣಿ, ಕೆಲವರದ್ದು ಹವ್ಯಕ. ಕೂಟಕ್ಕೆ ಕೂತರೆ ಒಂದು ಇಂಗ್ಲಿಷ್ ಶಬ್ದವೂ ನುಸುಳದ ಕನ್ನಡ. ಗ್ಯಾಸ್‌ಲೈಟಿನ ಸದ್ದು, ಹಂಚಿನ ಮೇಲೆ ಆಟಿ ತಿಂಗಳ ಮಳೆ, ನಡುವೆ ವೀಳ್ಯದ ತಟ್ಟೆ. ಮೈಕ್ ಇರಲಿಲ್ಲ, ಮಳೆ ಜೋರಾದರೆ ಕೃಷ್ಣನೂ ಸುಮ್ಮನೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಕರ್ಣಭೇದನ ಎಷ್ಟು ಸಲ ಕೇಳಿದರೂ ಹಳತಾಗುತ್ತಿರಲಿಲ್ಲ. ಸಂಧಾನ ಮುರಿದು ಹೊರಟ ಕೃಷ್ಣ, ಕರ್ಣನನ್ನು ಬದಿಗೆ ಕರೆದು ಜನ್ಮದ ಗುಟ್ಟು ಹೇಳುತ್ತಾನೆ. ನೀನು ಕುಂತಿಯ ಹಿರಿಮಗ, ರಾಜ್ಯ ನಿನ್ನದು, ಐವರು ನಿನ್ನ ಕಾಲ ಬಳಿ ಕೂರುತ್ತಾರೆ, ಬಾ. ಬರುವುದಿಲ್ಲ ಎಂದು ಕರ್ಣ ಹೇಳಬೇಕು. ಯಾಕೆ ಬರುವುದಿಲ್ಲ ಎಂಬಲ್ಲಿ ಪ್ರತಿಯೊಬ್ಬ ಅರ್ಥಧಾರಿಯ ದಾರಿ ಬೇರೆ. ನಮ್ಮ ದೊಡ್ಡಪ್ಪನ ಕರ್ಣ ಋಣದವನು. ತಿಂದ ಅನ್ನಕ್ಕೆ ತಲೆ ಕೊಡುವುದೇ ಅವನಿಗೆ ಹುಟ್ಟಿದ್ದರ ಲೆಕ್ಕ. ಟೈಲರನ ಕರ್ಣ ಸ್ನೇಹದವನು: ಕುಲ ಕೇಳದೆ ಪಕ್ಕದಲ್ಲಿ ಕೂರಿಸಿಕೊಂಡವನೊಬ್ಬನಿದ್ದ, ಸೂರ್ಯನೇ ತಂದೆಯೆಂದು ತಿಳಿದ ಮೇಲೂ ಅಷ್ಟು ದೊಡ್ಡ ಸಂಗತಿ ಇನ್ನೊಂದಿಲ್ಲ. ಮಾಸ್ತರರ ಕರ್ಣನಿಗೆ ಕೌರವ ನೆಪ. ಎತ್ತಿ ಸಾಕಿದ ರಾಧೆ ಅಮ್ಮನಲ್ಲವೆಂದು ಒಪ್ಪಿದ ದಿನ ತಾನು ಯಾರೂ ಅಲ್ಲ ಎನ್ನುತ್ತಿದ್ದರು. ಅವರು ಅದನ್ನು ಹೇಳುವಾಗ ಹೆಂಗಸರ ಬದಿಯಲ್ಲಿ ಸೆರಗು ಕಣ್ಣಿಗೆ ಹೋಗುತ್ತಿತ್ತು.

ಕೃಷ್ಣ ಬಿಡಬೇಕಲ್ಲ. "ಸಾಲ ಕೊಟ್ಟವನ ಮನೆಗೆ ಬೆಂಕಿ ಬಿದ್ದರೆ ಒಳಗೆ ಹೋಗಿ ಕೂತು ಸುಟ್ಟುಕೊಳ್ಳುವುದು ಸಾಲ ತೀರಿಸುವ ಕ್ರಮವೇ ಕರ್ಣಾ?" ಎಂದು ಪೋಸ್ಟ್ ಮಾಸ್ತರರು ಕೇಳಿದ ರಾತ್ರಿ ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಮದ್ದಳೆಯವರು ಸಣ್ಣಗೆ ನುಡಿಸುತ್ತ ಕಾದರು. ಯಾರೂ ಗಡಿಯಾರ ನೋಡಲಿಲ್ಲ. ಮುಂದಿನ ಕೂಟದಲ್ಲಿ ದೊಡ್ಡಪ್ಪನೇ ಕೃಷ್ಣ. ತಾನು ಋಣದ ಹೆಸರಲ್ಲಿ ಕಟ್ಟಿದ್ದನ್ನೆಲ್ಲ ತಾನೇ ಒಂದೊಂದಾಗಿ ಕೆಡವಿದರು. ಎರಡೂ ಸಲ ಪೂರ್ತಿ ನಂಬಿಯೇ ಮಾತಾಡಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ.

ದೊಡ್ಡ ಕೂಟಗಳ ಮಾತೇ ಬೇರೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಒಂದು ಬದಿಗೆ, ಮಲ್ಪೆಯ ರಾಮದಾಸ ಸಾಮಗರು ಇನ್ನೊಂದು ಬದಿಗೆ ಕೂತ ಕಾಲವನ್ನು ಶೇಣಿ–ಸಾಮಗ ಯುಗವೆಂದೇ ಜನ ಕರೆಯುತ್ತಾರೆ. ಶೇಣಿಯವರದು ತರ್ಕ, ಸಾಮಗರದು ಭಾವದ ಹೊಳೆ. ಶೇಣಿಯವರ ವಾಲಿ ಮರದ ಮರೆಯಿಂದ ಬಂದ ಬಾಣದ ನ್ಯಾಯ ಕೇಳತೊಡಗಿದರೆ ರಾಮಭಕ್ತರಿಗೂ ಉಭಯಸಂಕಟ. ಅವರೆಲ್ಲ ಊರೂರಿನ ಸಣ್ಣ ಕೂಟಗಳ ಕೇಳುಗರ ನಡುವೆ ಬೆಳೆದವರು ಎಂಬುದನ್ನು ಮರೆಯಬಾರದು.

ಹಳತೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಪೀಠಿಕೆಗೇ ಗಂಟೆ ತಿಂದು ಕೇಳುಗರನ್ನು ಮಲಗಿಸಿದವರಿದ್ದರು, ಪುರಾಣದ ಮಾತಿನಲ್ಲಿ ಊರಿನ ಹಗೆ ತೀರಿಸಿಕೊಂಡವರೂ ಇದ್ದರು. ಭೀಷ್ಮವಿಜಯದಲ್ಲಿ 'ನಿನ್ನ ಪ್ರತಿಜ್ಞೆ ನಿನ್ನ ಬಾಳಿಗೆ ಬೆಲೆ ತಂದಿತು, ನನ್ನ ಬಾಳಿಗೆ?' ಎಂದು ಅಂಬೆ ಕೇಳುವುದನ್ನು ಗಂಡಸರೇ ಕೇಳಿ ಗಂಡಸರೇ ಉತ್ತರಿಸಿಕೊಳ್ಳುತ್ತಿದ್ದರು. ಈಗ ಹೆಂಗಸರ ತಂಡಗಳು ಬಂದಿವೆ. ಎಂದೋ ಆಗಬೇಕಾಗಿದ್ದದ್ದು.

ಕೂಟಗಳು ನಿಂತಿಲ್ಲ. ಸಪ್ತಾಹಗಳು ನಡೆಯುತ್ತವೆ, ಸಭಾಭವನ ತುಂಬುತ್ತದೆ. ಮಾಯವಾಗುತ್ತಿರುವುದು ಊರ ಸಂಘದ ಕೂಟ. ಅರ್ಥ ಹೇಳಬೇಕಾದ ವಯಸ್ಸಿನವರು ಬೆಂಗಳೂರಲ್ಲಿ, ಕೊಲ್ಲಿ ದೇಶಗಳಲ್ಲಿ. ಇರುವ ಕೂಟಕ್ಕೆ ಹೊರಗಿನಿಂದ ಹೆಸರಾದವರು ಬರುತ್ತಾರೆ. ಅವರಿಗೆ ಅದೇ ಸಂಜೆ ಇನ್ನೊಂದು ಊರಿನಲ್ಲಿ ಒಪ್ಪಿಕೊಂಡದ್ದಿರುತ್ತದೆ. ಸಭಾ ಕಾರ್ಯಕ್ರಮ, ಶಾಲು, ಸ್ಮರಣಿಕೆ ಮುಗಿದು ಉಳಿದ ಎರಡೂವರೆ ಗಂಟೆಯಲ್ಲಿ ಸಂಧಾನವೂ ಆಗಬೇಕು, ಭೇದನವೂ ಆಗಬೇಕು. ಕರ್ಣ ಯೋಚಿಸುವುದು ಯಾವಾಗ? ಪ್ರಶ್ನೆ ಬಿದ್ದ ಮರುಕ್ಷಣ ಉತ್ತರ ಬರುತ್ತದೆ, ಚಪ್ಪಾಳೆ ಬೀಳುತ್ತದೆ, ಆ ತುಣುಕು ರಾತ್ರಿಯೊಳಗೆ ಮೊಬೈಲಿನಲ್ಲಿ ಹರಿದಾಡುತ್ತದೆ. ಎದುರಾಳಿ ಅದಕ್ಕೆ ಏನು ಹೇಳಿದ ಎಂಬುದು ತುಣುಕಿನಲ್ಲಿರುವುದಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಇಂಥವರ ಕರ್ಣ, ಇಂಥವರ ಕೃಷ್ಣ ಎಂದು ಪಾತ್ರಗಳು ನಿಗದಿಯಾಗಿಬಿಟ್ಟಿವೆ. ಕರ್ಣನಿಗೆ ಹೆಸರಾದವನನ್ನು ಕೃಷ್ಣನ ಜಾಗದಲ್ಲಿ ಕೂರಿಸಲು ಸಂಘಟಕರಿಗೆ ಧೈರ್ಯವಿಲ್ಲ. ತನ್ನ ಮಾತನ್ನು ತಾನೇ ಎದುರು ಬದಿಗೆ ಕೂತು ಒಡೆಯುವ ಕಸುಬು ಕೂಟದಲ್ಲಿ ನಿಂತರೆ ಕೇಳುಗರಿಗೂ ಅದು ಮರೆತುಹೋಗುತ್ತದೆ. ಊರಿನ ಚಹಾದ ಅಂಗಡಿಯಲ್ಲಿ ಈಗ ನಡೆಯುವ ಜಗಳ ಕೇಳಿದವರಿಗೆ ಮರೆತೇಹೋಗಿದೆ ಎನಿಸಬಹುದು.

ಸಂಘಗಳ ಕಾರ್ಯದರ್ಶಿಗಳಲ್ಲಿ ಒಂದು ಬೇಡಿಕೆ. ವರ್ಷಕ್ಕೊಂದು ರಾತ್ರಿ ಬರೀ ಕರ್ಣಭೇದನ ಇಡಿ. ಊರಿನವರೇ ಇಬ್ಬರು ಸಾಕು. ಕರ್ಣ ಯಾರು, ಕೃಷ್ಣ ಯಾರು ಎಂದು ಅಲ್ಲೇ ಚೀಟಿ ಎತ್ತಿ. ಸಭಾ ಕಾರ್ಯಕ್ರಮ ಬೇಡ, ಶಾಲು ಬೇಡ. ರಾತ್ರಿ 10ರ ಮೇಲೆ ಧ್ವನಿವರ್ಧಕ ಬೇಡವೆನ್ನುವ ನಿಯಮ ಉಂಟಲ್ಲ, ಒಳ್ಳೆಯದೇ ಆಯಿತು, ಮೈಕೂ ಬೇಡ. ನಾವು ಹತ್ತಿರ ಬಂದು ಕೂರುತ್ತೇವೆ.