ಮನೆಯಲ್ಲುಳಿದ ತಮ್ಮ

ಅಣ್ಣ ಮುಂಬಯಿಗೆ ಹೊರಟಾಗ ಅಟ್ಟದ ಮೇಲೆ ಬಿಟ್ಟುಹೋದ ಪುಸ್ತಕಗಳಲ್ಲಿ ಸ್ಟೀವನ್‌ಸನ್ನನ ‘ದಿ ಮಾಸ್ಟರ್ ಆಫ್ ಬ್ಯಾಲಂಟ್ರೇ’ಯೂ ಒಂದು. 1889ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ನಾನು ಅಡಿಕೆ ಲೆಕ್ಕದ ನಡುವೆ ಕದ್ದು ಓದಿದೆ.

ಕಥೆ ಸ್ಕಾಟ್ಲೆಂಡಿನದು. 1745ರಲ್ಲಿ ರಾಜಕುಮಾರ ಚಾರ್ಲ್ಸ್ ದಂಗೆಯೆದ್ದಾಗ ಡ್ಯೂರಿ ಮನೆತನದವರು ಒಬ್ಬ ಮಗನನ್ನು ಅವನ ಕಡೆಗೆ ಕಳಿಸಿ, ಇನ್ನೊಬ್ಬನನ್ನು ಜಾರ್ಜ್ ದೊರೆಯ ನಿಷ್ಠನೆಂದು ಮನೆಯಲ್ಲಿಟ್ಟುಕೊಳ್ಳುತ್ತಾರೆ. ಯಾರು ಗೆದ್ದರೂ ಆಸ್ತಿ ಉಳಿಯಬೇಕಲ್ಲ! ಹೋಗುವವರಾರೆಂದು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾರೆ. ಅಣ್ಣ ಜೇಮ್ಸ್ ಹೋಗುತ್ತಾನೆ, ತಮ್ಮ ಹೆನ್ರಿ ಉಳಿಯುತ್ತಾನೆ. ಅಣ್ಣನಿಗೆ ಗೊತ್ತುಮಾಡಿದ್ದ ಹುಡುಗಿ ಆ ನಾಣ್ಯವನ್ನು ಬಣ್ಣದ ಗಾಜಿನ ಕಿಟಕಿಯಲ್ಲಿದ್ದ ಮನೆತನದ ಲಾಂಛನಕ್ಕೇ ಎಸೆಯುತ್ತಾಳೆ. ಆಮೇಲೆ ಊರವರ ಬಾಯಲ್ಲಿ ಹೋದವನು ವೀರ, ಉಳಿದವನು ದ್ರೋಹಿ.

ನಮ್ಮ ಮನೆಯಲ್ಲಿ ನಾಣ್ಯ ಬೇಕಾಗಲಿಲ್ಲ. ಅಪ್ಪನ ಮಾತೇ ಸಾಕಾಯಿತು. ಸಾಲಗಾರರಿಗೆ ಉತ್ತರ ಹೇಳಿದವನು ನಾನು. ಎರಡು ವರ್ಷಕ್ಕೊಮ್ಮೆ ಸೀರೆ ತಂದು ಅಮ್ಮನ ಮುಖ ಅರಳಿಸಿದವನು ಅಣ್ಣ.

ಕಾದಂಬರಿಯನ್ನು ಹೇಳುವವನು ಮನೆಯ ಪಾರುಪತ್ಯಗಾರ ಮೆಕೆಲ್ಲರ್, ಹೆನ್ರಿಯ ಪಕ್ಷಪಾತಿ. ನನಗೂ ಅಂಥವನೊಬ್ಬ ಬೇಕಾಗಿತ್ತು. ಹೆನ್ರಿಯ ಮನಸ್ಸು ದ್ವೇಷದಿಂದ ಕೊಳೆಯುವ ಕಡೆಯ ಅಧ್ಯಾಯಗಳನ್ನು ಮಾತ್ರ ನಾನು ಬೇಗಬೇಗ ದಾಟಿಸಿಬಿಡುತ್ತಿದ್ದೆ.

ಮೊನ್ನೆ ಅಣ್ಣ ಬೆಂಗಳೂರಿಗೆ ಬಂದಿದ್ದ. ದೂರದರ್ಶನಕ್ಕಾಗಿ 1984ರಲ್ಲಿ ತೆಗೆದ ಇದರ ಚಿತ್ರವನ್ನು ಮೊಮ್ಮಗಳು ಕಂಪ್ಯೂಟರಿನಲ್ಲಿ ಹಾಕಿಕೊಟ್ಟಳು. ಜೇಮ್ಸನಾಗಿ ಮೈಕೆಲ್ ಯಾರ್ಕ್, ಹೆನ್ರಿಯಾಗಿ ರಿಚರ್ಡ್ ಥಾಮಸ್, ತಂದೆಯಾಗಿ ಜಾನ್ ಗೀಲ್‌ಗುಡ್. ಪುಸ್ತಕದಲ್ಲಿ ಬಹುಪಾಲು ಮಾತು ಮೆಕೆಲ್ಲರನ ಬಾಯಿ ದಾಟಿಯೇ ಬರಬೇಕು. ಇಲ್ಲಿ ಮುಖಗಳೇ ನೇರವಾಗಿ ಎದುರು ನಿಲ್ಲುತ್ತವೆ. ಯಾರ್ಕ್ ನಕ್ಕರೆ ಅರ್ಧ ಅಪರಾಧ ಮಾಫಿಯಾದಂತೆ! ಇಷ್ಟು ವರ್ಷ ಹೆನ್ರಿಯ ವಕೀಲನಾಗಿದ್ದ ನಾನು ಆ ಪುಂಡನ ಬರವನ್ನೇ ಕಾಯುತ್ತ ಕುಳಿತೆ. ಅಮ್ಮನೂ ಹೀಗೆಯೇ ಬಾಗಿಲು ಕಾಯುತ್ತಿದ್ದಳು.

ಅಣ್ಣ ಮಾತ್ರ ನಗಲಿಲ್ಲ. “ಪಾಪ, ಆ ತಮ್ಮ,” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಏನೋ, ಆವತ್ತು ನಿನಗೂ ಹೋಗಬೇಕು ಅಂತ ಇತ್ತೇನೋ?” ಎಂದು ಕೇಳಿದ.

ಅರವತ್ತು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ. ಉತ್ತರ ನನ್ನಲ್ಲಿ ಸಿದ್ಧವಾಗಿಯೇ ಇತ್ತು.

“ಕಾಫಿ ಆರ್ತಾ ಇದೆ, ಕುಡಿ ಅಣ್ಣ,” ಎಂದೆ.