ಹತ್ತಕ್ಕ ಹತ್ತು ಬೆರಳು

ಅಪ್ಪನಿಗೆ ಈಗ 74. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಬಡಿಗರಾಗಿದ್ದು ನಿವೃತ್ತರಾದವರು. ಅವ್ವ ಹೋದ ಮೇಲೆ ನಮ್ಮ ಜೊತೆ ಪುಣೆಗೆ ಬಂದರು. ಬಂದ ಎರಡೇ ವಾರಕ್ಕೆ ಮನೆಯ ಅಷ್ಟೂ ಬಾಗಿಲುಗಳ ಕೀಲು ಸರಿಮಾಡಿದರು, ಅಡುಗೆಮನೆಯ ಡ್ರಾಯರುಗಳನ್ನು ಬಿಚ್ಚಿ ಮತ್ತೆ ಜೋಡಿಸಿದರು, ಆಮೇಲೆ ಮಾಡಲು ಏನೂ ಉಳಿಯದೆ ಟಿವಿಯ ಮುಂದೆ ಕುಳಿತರು. ಒಂದು ಪುಸ್ತಕದ ಕಪಾಟು ಮಾಡಿಸೋಣವೆಂದು ನಾನು ಒಬ್ಬರಿಂದ ದರ ತರಿಸಿದೆ. ಅಪ್ಪ ಆ ಕಾಗದ ನೋಡಿ, "ಈ ರೊಕ್ಕದಾಗ ಒಂದು ಮಷೀನ್ ಬರತೈತಿ. ಕಪಾಟು ನಾವ ಮಾಡೋಣು" ಅಂದರು.

ನನಗೂ ಒಳಗೊಳಗೇ ಅದೇ ಆಸೆ ಇತ್ತು. ಉಳಿ, ರಂದಾ ಹಿಡಿಯುವುದನ್ನು ಹತ್ತು ವರ್ಷದವಳಿದ್ದಾಗಲೇ ಅಪ್ಪ ಕಲಿಸಿದ್ದರು. ಕೈಗರಗಸದಲ್ಲಿ ಎಂಟು ಅಡಿಯ ಹಲಗೆಯನ್ನು ಉದ್ದಕ್ಕೆ ಸೀಳುವುದು ಮಾತ್ರ ಈಗ ನನ್ನಿಂದಾಗುವುದಿಲ್ಲ, ಅವರಿಂದಲೂ ಆಗುವುದಿಲ್ಲ. ಹಾಗಾಗಿ ಟೇಬಲ್ ಸಾ ಬೇಕು. ತೊಡಕು ಒಂದೇ. ಅಪ್ಪನ ಬಲಗೈ ನಡುಗುತ್ತದೆ. ಅವರು ಎತ್ತಿದ ಚಹಾದ ಬಸಿ ಪಕ್ಕದ ಕೋಣೆಗೆ ಕೇಳಿಸುತ್ತದೆ.

ಹುಬ್ಬಳ್ಳಿಯಿಂದ ಅಣ್ಣ ಫೋನಿನಲ್ಲಿ ಬೈದ. "ಅಪ್ಪಗ ಕರಗಸ ಕೊಡಸ್ತಿ? ತಲಿ ನೆಟ್ಟಗೈತೇನ ನಿಂದು?" ಅಪ್ಪ ಇದಕ್ಕೆ ವಾದ ಮಾಡಲಿಲ್ಲ. ಎರಡೂ ಕೈ ಚಾಚಿ ನನಗೆ ತೋರಿಸಿದರು. "38 ವರ್ಷ. ಹತ್ತಕ್ಕ ಹತ್ತೂ ಅದಾವ ನೋಡು." ಚಾಚಿದ ಹತ್ತರಲ್ಲಿ ಐದು ನಡುಗುತ್ತಿದ್ದವು. ಅದು ಅವರಿಗೂ ಕಾಣುತ್ತಿತ್ತು.

ಟೇಬಲ್ ಸಾ ನೋಡದವರಿಗೆ ಹೇಳುತ್ತೇನೆ. ಮೇಜಿನ ನಡುವಿನ ಸೀಳಿನಿಂದ ದುಂಡು ಬ್ಲೇಡಿನ ಒಂದು ಭಾಗ ಮೇಲೆ ಬಂದಿರುತ್ತದೆ. ಬಲಕ್ಕೆ ಬ್ಲೇಡಿಗೆ ಸಮಾಂತರವಾಗಿ ಒಂದು ಪಟ್ಟಿ, ಅದನ್ನು ಫೆನ್ಸ್ ಅನ್ನುತ್ತಾರೆ. ಫೆನ್ಸಿಗೆ ಒತ್ತಿ ಹಿಡಿದು ಹಲಗೆಯನ್ನು ಮುಂದೆ ನೂಕಿದರೆ ಬೇಕಾದ ಅಗಲಕ್ಕೆ ಸೀಳಿ ಬರುತ್ತದೆ. ಬೇರೆ ಹಲವು ಗರಗಸಗಳಲ್ಲಿ ಗರಗಸವೇ ಕಟ್ಟಿಗೆಯ ಹತ್ತಿರ ಹೋಗುತ್ತದೆ. ಇಲ್ಲಿ ಕಟ್ಟಿಗೆಯನ್ನು ಹಿಡಿದ ಕೈ ಗರಗಸದ ಹತ್ತಿರ ಹೋಗುತ್ತದೆ. 10 ಇಂಚಿನ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಹಲ್ಲಿನ ವೇಗ ಗಂಟೆಗೆ 190 ಕಿಲೋಮೀಟರಿನಷ್ಟು.

ಜನ ಹೆದರುವುದು ಬೆರಳು ತಾಗುವುದಕ್ಕೆ. ಅಪ್ಪ ಹೆದರುವುದು ಕಟ್ಟಿಗೆ ಹಿಂದಕ್ಕೆ ಒದೆಯುವುದಕ್ಕೆ. ಬ್ಲೇಡಿನ ಮುಂಭಾಗದ ಹಲ್ಲು ಕೆಳಕ್ಕೆ ಇಳಿಯುತ್ತ ಕಟ್ಟಿಗೆಯನ್ನು ಮೇಜಿಗೆ ಒತ್ತುತ್ತದೆ, ಹಿಂಭಾಗದ ಹಲ್ಲು ಮೇಲಕ್ಕೆ ಏಳುತ್ತಿರುತ್ತದೆ. ಕಟ್ಟಿಗೆಯೊಳಗಿನ ಸೆಟೆತ ಬಿಡುಗಡೆಯಾಗಿ ಸೀಳು ಮುಚ್ಚಿಕೊಂಡರೆ, ಅಥವಾ ಹಲಗೆ ಫೆನ್ಸು ಬಿಟ್ಟು ಓರೆಯಾದರೆ, ಆ ಹಿಂದಿನ ಹಲ್ಲು ಅದನ್ನು ಎತ್ತಿ ನೂಕಿದವನ ಹೊಟ್ಟೆಗೇ ಎಸೆಯುತ್ತದೆ. ಎಸೆಯುವಾಗ ಕಟ್ಟಿಗೆ ತಿರುಗುತ್ತದೆ, ಅದರ ಮೇಲಿದ್ದ ಕೈಯನ್ನು ಬ್ಲೇಡಿನತ್ತ ಎಳೆಯುತ್ತದೆ. ಬೆರಳು ಹೋದವರ ಕಥೆಗಳಲ್ಲಿ ಅರ್ಧ ಹೀಗೆ ಶುರುವಾಗಿದ್ದವು ಅನ್ನುತ್ತಾರೆ ಅಪ್ಪ. ಊರಿನ ಒಂದು ಸಾಮಿಲ್ಲಿನಲ್ಲಿದ್ದ ಅವರ ಗೆಳೆಯರೊಬ್ಬರ ಎಡಗೈಯಲ್ಲಿ ಮೂರೇ ಬೆರಳಿದ್ದವು. ಆ ಕಾಕಾ ನಮಗೆ ಪೆಪ್ಪರಮಿಂಟು ಕೊಡುವಾಗ ನಾವು ಮಕ್ಕಳು ಕೈಯನ್ನೇ ನೋಡುತ್ತಿದ್ದೆವು.

ಈ ಒದೆತಕ್ಕೆ ಮದ್ದು ಒಂದು ಸಣ್ಣ ತಗಡು, ರೈವಿಂಗ್ ನೈಫ್. ಬ್ಲೇಡಿನ ಬೆನ್ನ ಹಿಂದೆ, ಅದಕ್ಕೆ ಅಂಟಿದಂತೆ ನಿಂತು ಸೀಳು ಮುಚ್ಚದಂತೆ ತಡೆಯುತ್ತದೆ. ಬ್ಲೇಡು ಏರಿದರೆ ಅದೂ ಏರುತ್ತದೆ, ಇಳಿದರೆ ಅದೂ ಇಳಿಯುತ್ತದೆ. ಬ್ಲೇಡಿನ ಮೇಲೆ ಕೂರುವ ಗಾರ್ಡ್ ಬೇರೆ. ಗಾಡಿ ಕೊರೆಯುವಂಥ ಕೆಲಸಕ್ಕೆ ಗಾರ್ಡ್ ತೆಗೆಯಲೇಬೇಕಾಗುತ್ತದೆ, ತೆಗೆದದ್ದನ್ನು ಮತ್ತೆ ಹಾಕುವವರು ಕಡಿಮೆ. ರೈವಿಂಗ್ ನೈಫನ್ನು ತೆಗೆಯುವ ಕಾರಣವೇ ಅಪರೂಪ. ನನ್ನ ಆಯ್ಕೆಯ ಮೊದಲ ಶರತ್ತು ಇದೇ ಆಯಿತು. ಈ ತಗಡಿಲ್ಲದ ಮಷೀನು ಎಷ್ಟು ಅಗ್ಗವಾದರೂ ಬೇಡ.

ಈ ಶರತ್ತಿನಿಂದ ನಮ್ಮ ದೇಶದ ಅತಿ ಜನಪ್ರಿಯ ಟೇಬಲ್ ಸಾ ಹೊರಗೆ ಬಿತ್ತು. ನಿಮ್ಮ ಫ್ಲ್ಯಾಟಿನ ಇಂಟೀರಿಯರ್ ಕೆಲಸ ನಡೆದಾಗ ನೀವೂ ನೋಡಿರುತ್ತೀರಿ: ಪ್ಲೈವುಡ್ಡಿನ ಮೇಜಿಗೆ ತೂತು ಕೊರೆದು, ಕಲ್ಲು ಕತ್ತರಿಸುವ ನಾಲ್ಕು ಇಂಚಿನ ಕಟ್ಟರನ್ನು ಕೆಳಗಿನಿಂದ ತಲೆಕೆಳಗಾಗಿ ಬಿಗಿದಿರುತ್ತಾರೆ. ಸ್ವಿಚ್ಚಿಗೆ ಟೇಪು ಸುತ್ತಿರುತ್ತದೆ, ಆನ್-ಆಫ್ ಎಲ್ಲ ಗೋಡೆಯ ಪ್ಲಗ್ಗಿನಲ್ಲೇ. ಗಾರ್ಡ್ ಇಲ್ಲ, ನೈಫ್ ಇಲ್ಲ. ಆ ಹುಡುಗರ ಕೈಚಳಕಕ್ಕೆ ನಾನು ಕೈಮುಗಿಯುತ್ತೇನೆ. ದಿನಗೂಲಿಯ ಮೇಲೆ ಊರೂರು ತಿರುಗುವವರಿಗೆ ಹೆಗಲಮೇಲೆ ಹೊತ್ತೊಯ್ಯಬಹುದಾದ ಮಷೀನೇ ಬೇಕು. ಹವ್ಯಾಸಕ್ಕೆ ಕೆಲಸ ಮಾಡುವ ನಾವು ಅದನ್ನು ಅನುಕರಿಸಲು ಯಾವ ಕಾರಣವೂ ಇಲ್ಲ.

ಅಪ್ಪನ ಮನಸ್ಸು ಇನ್ನೊಂದು ಕಡೆ ಇತ್ತು. ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಒಂದು ಅಂಗಡಿಯ ಮೂಲೆಯಲ್ಲಿ ಹಳೆಯ ಬೀಡುಕಬ್ಬಿಣದ ಮಷೀನು, ಕೆಳಗೆ ಬೆಲ್ಟಿನ ಮೋಟಾರು. ಅದರ ಮೇಲೆ ಕೈ ಇಟ್ಟು ನಿಂತವರು ಅಲ್ಲಾಡಲಿಲ್ಲ. "ಇದು ಮಷೀನು. ಅಲಗಾಡಂಗಿಲ್ಲ, ದನಿ ನೋಡು ಎಷ್ಟು ತಂಪು." ಅವರ ಮಾತು ಸುಳ್ಳಲ್ಲ. ಭಾರವಿದ್ದಷ್ಟೂ ನಡುಕ ಕಡಿಮೆ, ಕೊಯ್ತ ನುಣುಪು. ಇಂಡಕ್ಷನ್ ಮೋಟಾರಿನ ಸದ್ದೂ ಕಡಿಮೆ. ಆದರೆ ಅದಕ್ಕೆ ನೈಫ್ ಕೂರಿಸುವ ಜಾಗವೇ ಇರಲಿಲ್ಲ, ನಾಲ್ಕು ಜನ ಸೇರದೆ ಎತ್ತಲಾಗುತ್ತಿರಲಿಲ್ಲ. ನಮಗಿರುವುದು ತಳಮಹಡಿಯ ಫ್ಲ್ಯಾಟಿನ ಹಿಂದೆ 10 ಅಡಿಗೆ 9 ಅಡಿ ಜಾಗ. ಕೆಳಗೆ ಶಹಾಬಾದಿ ಫರಸಿ. (ಆ ಕಲ್ಲೂ ನಮ್ಮ ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ್ದು. ಅಪ್ಪ ದಿನಾ ಬೆಳಿಗ್ಗೆ ಅದನ್ನು ತಾವೇ ತೊಳೆಯುತ್ತಾರೆ.)

ಅಂಗಡಿಗಳ ಬಗ್ಗೆ ಒಂದು ಮಾತು. ನಾನು ಪ್ರಶ್ನೆ ಕೇಳಿದರೆ ಉತ್ತರ ಅಪ್ಪನಿಗೆ ಹೋಗುತ್ತಿತ್ತು. ಫೆನ್ಸ್ ಬಗ್ಗೆ ಕೇಳಿದೆ, ಆತ ಅಪ್ಪನ ಮುಖ ನೋಡಿ ವಿವರಿಸಿದ. ಮೂರನೇ ಸಲಕ್ಕೆ ಅಪ್ಪ ತಮ್ಮ ಹರಕು ಹಿಂದಿಯಲ್ಲಿ, ಕೊಳ್ಳುವವಳು ಇವಳು, ನಡೆಸುವವಳೂ ಇವಳು, ನಾನು ಬರೀ ಜೊತೆಗೆ ಬಂದವನು ಅಂದರು. ಅದನ್ನು ಹೇಳುವುದು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

ನ್ಯೂಜೆರ್ಸಿಯಲ್ಲಿರುವ ನಮ್ಮ ಅತ್ತೆಯ ಮಗ ಸಾಸ್ಟಾಪ್ ತಂದುಕೊಡುತ್ತೇನೆ ಅಂದ. ಸ್ಟೀವ್ ಗ್ಯಾಸ್ ಎಂಬ ಅಮೆರಿಕದ ಭೌತಶಾಸ್ತ್ರ ಓದಿದ ವಕೀಲನಿಗೆ 1999ರಲ್ಲಿ ಹೊಳೆದ ಉಪಾಯ ಅದು. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಒಣ ಕಟ್ಟಿಗೆ ತಾಗಿದರೆ ಅದಕ್ಕೆ ಏನೂ ಆಗುವುದಿಲ್ಲ, ಮೈ ತಾಗಿದರೆ ಸಂಕೇತ ಕುಸಿಯುತ್ತದೆ. ಕೂಡಲೇ ಒಂದು ಅಲ್ಯೂಮಿನಿಯಂ ತುಂಡು ಸ್ಪ್ರಿಂಗಿನ ಬಲದಿಂದ ಬ್ಲೇಡಿಗೆ ನಾಟಿಕೊಂಡು ಸೆಕೆಂಡಿನ ಇನ್ನೂರರಲ್ಲಿ ಒಂದು ಪಾಲಿನ ಒಳಗೆ ನಿಲ್ಲಿಸಿಬಿಡುತ್ತದೆ. ಬ್ಲೇಡೂ ಆ ತುಂಡೂ ಕೆಡುತ್ತವೆ, ಬೆರಳಿಗೆ ತರಚಿದ ಗಾಯ. ಬೆರಳಿನ ಬದಲು ಸಾಸೇಜ್ ಇಟ್ಟು ತೋರಿಸುವ ವಿಡಿಯೋವನ್ನು ಅಪ್ಪ ನಾಲ್ಕು ಸಲ ನೋಡಿದರು. "ಬ್ಲೇಡ್ ಹೋತು, ಬೆರಳ ಉಳೀತು. ಬ್ಲೇಡ್ ಪ್ಯಾಟ್ಯಾಗ ಸಿಗತೈತಿ" ಅಂದರು. ಆದರೆ ಅಲ್ಲಿನ ವಿದ್ಯುತ್ತು 120 ವೋಲ್ಟು, 60 ಹರ್ಟ್ಸ್. ನಮ್ಮದು 230 ವೋಲ್ಟು, 50 ಹರ್ಟ್ಸ್. 15 ಆಂಪಿಯರಿನ ಆ ಮಷೀನಿಗೆ ತಕ್ಕ ಟ್ರಾನ್ಸ್‌ಫಾರ್ಮರ್ ತಂದು, ಒಮ್ಮೆ ಬ್ರೇಕು ಸಿಡಿದರೆ ಅದರ ಕಾರ್ಟ್ರಿಜ್ಜಿಗೆ ಯಾರಾದರೂ ಅಮೆರಿಕದಿಂದ ಬರುವ ತನಕ ಕಾಯಬೇಕು. ಆ ಆಸೆ ಬಿಟ್ಟೆವು. ಬೇಸರದಿಂದಲೇ ಬಿಟ್ಟೆವು.

ಉಳಿದದ್ದು ಬಾಷ್, ಡಿವಾಲ್ಟ್, ಮಕೀಟಾದಂಥವರು ಮಾಡುವ, ಇಬ್ಬರು ಎತ್ತಿಡಬಹುದಾದ 10 ಇಂಚಿನ ಮಷೀನುಗಳು. ಕೊನೆಗೆ ತಂದದ್ದು ಇವುಗಳಲ್ಲೇ ಒಂದು. ಯಾವುದೆಂದು ಬರೆದರೆ ಜಾಹೀರಾತಾದೀತು. ನೋಡಿದ್ದೇನು ಎಂಬುದನ್ನಷ್ಟೇ ಹೇಳುತ್ತೇನೆ.

ವ್ಯಾಟಿಗಿಂತ ಫೆನ್ಸ್ ಮುಖ್ಯ. ಇವೆಲ್ಲ 1,800 ವ್ಯಾಟಿನ ಆಸುಪಾಸಿನವೇ, ಮನೆಯ ಕೆಲಸಕ್ಕೆ ಧಾರಾಳ. ಫೆನ್ಸ್ ಓರೆಯಾದರೆ ಮಾತ್ರ ಎಷ್ಟು ಶಕ್ತಿಯಿದ್ದರೂ ಅದು ಒದೆತಕ್ಕೇ ಸಹಾಯ. ಅಪ್ಪ ಅಂಗಡಿಯಲ್ಲಿ ಮಾಡಿದ ಪರೀಕ್ಷೆ ಇದು: ಫೆನ್ಸನ್ನು ಒಂದು ಅಳತೆಗೆ ಬಿಗಿದು, ಅದರ ಹಿಂದಿನ ತುದಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತುವುದು. ಅಲುಗಿದರೆ ಮುಂದಿನ ಮಷೀನು. ಆಮೇಲೆ ಬ್ಲೇಡಿನ ಒಂದೇ ಹಲ್ಲಿಗೆ ಗುರುತು ಹಾಕಿ, ಅದನ್ನು ಮುಂದೆಯೂ ಹಿಂದೆಯೂ ತಿರುಗಿಸಿ, ಎರಡೂ ಕಡೆ ಫೆನ್ಸಿನ ದೂರ ಅಳೆಯುವುದು. ಡಿವಾಲ್ಟಿನ ಕೆಲವು ಮಾದರಿಗಳಲ್ಲಿ ಫೆನ್ಸಿನ ಎರಡೂ ತುದಿಗಳು ಹಲ್ಲುಪಟ್ಟಿಯ ಮೇಲೆ ಒಟ್ಟಿಗೇ ಸರಿಯುತ್ತವೆ. ಆ ಏರ್ಪಾಡು ಅಪ್ಪನಿಗೆ ಬಹಳ ಹಿಡಿಸಿತು.

ಇನ್ನೊಂದು ನಮ್ಮ ಊರುಗಳಿಗೇ ಹೇಳಿ ಮಾಡಿಸಿದ್ದು, ನೋ ವೋಲ್ಟ್ ರಿಲೀಸ್ ಸ್ವಿಚ್. ಕೊಯ್ಯುತ್ತಿರುವಾಗ ಕರೆಂಟು ಹೋಯಿತು ಅನ್ನಿ. ಮಾಮೂಲಿ ಸ್ವಿಚ್ಚಾದರೆ ಆನ್ ಆಗಿಯೇ ಇರುತ್ತದೆ, ನೀವು ಬ್ಲೇಡಿನ ಸುತ್ತ ಹೊಟ್ಟು ಕೊಡವುತ್ತಿರುವಾಗ ಕರೆಂಟು ಮರಳುತ್ತದೆ. ಈ ಸ್ವಿಚ್ ಇದ್ದರೆ ಮತ್ತೆ ಹಸಿರು ಗುಂಡಿ ಒತ್ತುವ ತನಕ ಮಷೀನು ಏಳುವುದಿಲ್ಲ. ಹಾಗೆಯೇ ಪ್ಲಗ್ಗು. 1,800 ವ್ಯಾಟ್ ಅಂದರೆ ಸುಮಾರು 8 ಆಂಪಿಯರು. ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರಿನ ಸಾಕೆಟ್ ಸಾಲದು, ಗೀಸರಿಗೆ ಹಾಕುವಂಥ 16 ಆಂಪಿಯರಿನದು ಬೇಕು. ಬಾಡಿಗೆ ಮನೆಯವರು ಮಷೀನಿಗಿಂತ ಮೊದಲು ಇದನ್ನು ವಿಚಾರಿಸಿ.

ಮೇಜು ಎಷ್ಟು ಅಗಲ ಬೇಕು ಎಂದು ಬಹಳ ಜನ ಕೇಳುತ್ತಾರೆ, 8 ಅಡಿಗೆ 4 ಅಡಿಯ ಪ್ಲೈವುಡ್ ಕಣ್ಣಮುಂದಿಟ್ಟುಕೊಂಡು. 18 ಮಿ.ಮೀ. ದಪ್ಪದ ಅಂಥ ಒಂದು ಶೀಟು 30 ಕಿಲೋ ಮೀರುತ್ತದೆ. ಅದನ್ನು ಪುಟ್ಟ ಮೇಜಿನ ಮೇಲೆ ತೇಲಿಸಿ ನೂಕುವುದು ಒಬ್ಬರಿಂದ ಆಗುವ ಕೆಲಸವಲ್ಲ. ಪ್ಲೈವುಡ್ ಅಂಗಡಿಯವರ ಹತ್ತಿರ ದೊಡ್ಡ ಪ್ಯಾನೆಲ್ ಸಾ ಇದ್ದರೆ ಸ್ವಲ್ಪ ಹಣಕ್ಕೆ ಅಲ್ಲೇ ಮೂರು ತುಂಡು ಮಾಡಿಸಿ ಮನೆಗೆ ತರುವುದು ಮೇಲು. ಬ್ಲೇಡು ಎರಡಿರಲಿ: ಉದ್ದಕ್ಕೆ ಸೀಳಲು 24 ಹಲ್ಲಿನದು, ಪ್ಲೈವುಡ್ಡಿಗೆ 60 ಹಲ್ಲಿನದು. ಹೊಟ್ಟು ಹೀರಲು ವ್ಯಾಕ್ಯೂಮು, ಮೂಗಿಗೆ ಒಳ್ಳೆಯ ಮಾಸ್ಕು. ಕಟ್ಟಿಗೆಯ ಧೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಪಟ್ಟಿಮಾಡಿದೆ. ಕೈಗವಸು ಬೇಡ, ಹಲ್ಲು ಅದನ್ನು ಬೆರಳಿನ ಸಮೇತ ಎಳೆದುಕೊಳ್ಳುತ್ತದೆ. ಓಢಣಿಯ ವಿಷಯ ನಾನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ನಿಷ್ಕರ್ಷೆ ಮಾಡಿದ ಮೇಲೂ ಅಣ್ಣನ ಪ್ರಶ್ನೆ ಹಾಗೇ ಇತ್ತು. ನೂಕುವವರು ಯಾರು? ನೈಫು, ಸ್ವಿಚ್ಚು, ಫೆನ್ಸು ಯಾವುದೂ ನಡುಗುವ ಕೈಯನ್ನು ಹಿಡಿದು ನಿಲ್ಲಿಸುವುದಿಲ್ಲ. "ಅಪ್ಪಾ, ನೀವ ಅಳತಿ ಹಾಕ್ರಿ, ನಾ ಕೊಯ್ತೀನಿ" ಎಂದು ಹೇಳುವುದು ಸುಲಭವಿತ್ತು. ಅಪ್ಪ ಬಹುಶಃ ಒಪ್ಪುತ್ತಲೂ ಇದ್ದರು. ಒಪ್ಪಿ, ಒಂದು ತಿಂಗಳಲ್ಲಿ ಟಿವಿಯ ಮುಂದೆ ಹೋಗಿ ಕುಳಿತಿರುತ್ತಿದ್ದರು.

ಮಷೀನು ಬಂದ ದಿನ ಪೆಟ್ಟಿಗೆ ಬಿಚ್ಚುವ ಮೊದಲು ಅಪ್ಪ ಕೈಗರಗಸ, ಅರ ಹಿಡಿದು ಕುಳಿತು, ಪ್ಲೈವುಡ್ ಚೂರಿನಲ್ಲಿ ನೂಕುಗೋಲು ಮಾಡಿದರು. ಹಲಗೆಯ ಹಿಂದಿನ ಅಂಚಿಗೆ ಕಚ್ಚಿಕೊಳ್ಳುವ ಒಂದು ಹಿಮ್ಮಡಿ, ಮೇಲೆ ಹಿಡಿ. ಅರ ಉಜ್ಜುವಾಗ ಅವರ ಕೈಯನ್ನೇ ನೋಡುತ್ತಿದ್ದೆ. ಒತ್ತಿ ಹಿಡಿದಾಗ ನಡುಕ ಕಡಿಮೆ, ಬಿಟ್ಟಾಗ ಹೆಚ್ಚು. ಅವರೂ ನಾನು ನೋಡುವುದನ್ನು ನೋಡಿದರು. "ಸಣ್ಣ ಪಟ್ಟಿ ನೀ ಕೊಯ್ಯಿ," ಅಂದರು, ತಲೆ ಎತ್ತದೆ. "ಅಗಲ ಹಲಗಿ ನಾ ಕೊಯ್ತೀನಿ."

ಎಷ್ಟು ಅಗಲ ಎಂಬುದಕ್ಕೆ ಅರ್ಧ ಗಂಟೆ ಚೌಕಾಸಿ ನಡೆಯಿತು. ಬ್ಲೇಡಿಗೂ ಫೆನ್ಸಿಗೂ ನಡುವೆ ಜಾಗ ಕಿರಿದಾದಷ್ಟೂ ಕೈಗೆ ಅಪಾಯ, 6 ಇಂಚಿಗಿಂತ ಕಡಿಮೆ ಇದ್ದರೆ ಕೈ ಹಾಕದೆ ನೂಕುಗೋಲು ಬಳಸಬೇಕೆಂಬುದು ಈ ಕಸುಬಿನಲ್ಲಿ ಬಹಳ ಕಡೆ ಹೇಳುವ ಮಾತು. ಅದನ್ನೇ ಗೆರೆ ಮಾಡಿಕೊಂಡೆವು. 6 ಇಂಚು ಮತ್ತು ಮೇಲಿನದು ಅಪ್ಪನದು, ಒಳಗಿನದು ನನ್ನದು. ಬ್ಲೇಡು ಹಲಗೆಯ ಮೇಲೆ ಒಂದು ಹಲ್ಲಿಗಿಂತ ಹೆಚ್ಚು ಕಾಣಬಾರದು. ಬ್ಲೇಡಿನ ಎದುರಿಗೆ ನಿಲ್ಲದೆ ಎಡಕ್ಕೆ ಸರಿದು ನಿಲ್ಲಬೇಕು. ನಾನು ಮನೆಯಲ್ಲಿಲ್ಲದಾಗ ಮಷೀನು ಇಲ್ಲ. ಈ ಕೊನೆಯದಕ್ಕೆ ಅಪ್ಪ ಉತ್ತರ ಕೊಡಲು ಹೊತ್ತು ತೆಗೆದುಕೊಂಡರು. ಆಮೇಲೆ, "ವರ್ಕ್‌ಶಾಪಿನ್ಯಾಗೂ ಒಬ್ಬನ ಕೆಲಸ ಮಾಡಂಗಿರಲಿಲ್ಲ" ಅಂದರು. ಅದು ನಿಜವೋ, ನನಗೋಸ್ಕರ ಹೇಳಿದ್ದೋ, ನಾನು ಕೇಳಲಿಲ್ಲ.

ಸೊಸೈಟಿಯವರು ಶನಿವಾರ ಬೆಳಿಗ್ಗೆ 10ರಿಂದ 1ರ ತನಕ ಸದ್ದು ಮಾಡಲು ಒಪ್ಪಿದ್ದಾರೆ, ಮೇಲಿನ ಮನೆಯವರಿಗೆ ಒಂದು ಮಣೆ ಮಾಡಿಕೊಡುವ ಕರಾರಿನ ಮೇಲೆ. ಕಪಾಟಿನ ಬದಿಹಲಗೆಗಳನ್ನು ಅಪ್ಪ ಕೊಯ್ದರು, ಒಂದೊಂದೂ 11 ಇಂಚು. ಅಂಚುಪಟ್ಟಿಗಳನ್ನು ನಾನು. ಅಣ್ಣನಿಗೆ ಫೋಟೋ ಕಳಿಸಿದೆ. ಅವನು ಕಪಾಟಿನ ಬಗ್ಗೆ ಏನೂ ಬರೆಯಲಿಲ್ಲ, ಅಪ್ಪನ ಕೈ ಕಾಣುವ ಹಾಗೆ ಇನ್ನೊಂದು ಕಳಿಸು ಅಂದ. ಕಳಿಸಿದೆ. ಮೊನ್ನೆ ಶನಿವಾರ ಚಹಾ ಕುಡಿಯುವಾಗ ಅಪ್ಪ, ಐದು ಇಂಚಿನ ಹಲಗೆಯೂ ಹಂಗೇನು ಸಣ್ಣದಲ್ಲ ಎಂದು ಮಾತು ತೆಗೆದಿದ್ದಾರೆ. ನಾನಿನ್ನೂ ಒಪ್ಪಿಲ್ಲ.